ಅಣ್ಣನ ಪದ್ಧತಿ

ಜನವರಿ 12

ಅತ್ತಿಗೆಗೆ ನಾದಿನಿಯ ನಮಸ್ಕಾರ,

ಫೋನು ಕೈಯಲ್ಲೇ ಇದ್ದರೂ ನಿಮಗೆ ಮಾತ್ರ ಕಾಗದವೇ ಸರಿ. ನಿಮ್ಮ ಮದುವೆಯಾದ ವರ್ಷ ಹಾಸ್ಟೆಲಿನಿಂದ ಶುರು ಮಾಡಿದ ಅಭ್ಯಾಸ, ಬಿಡಲು ಮನಸ್ಸಿಲ್ಲ. ಅದೂ ಅಲ್ಲದೆ ಫೋನಿನಲ್ಲಿ ಮಾತಾಡಿದರೆ ಅಣ್ಣ ಪಕ್ಕದಲ್ಲೇ ಕೂತು ನನ್ನ ಪ್ರಶ್ನೆಯನ್ನು ನಿಮಗೂ ನಿಮ್ಮ ಉತ್ತರವನ್ನು ನನಗೂ ತಾನೇ ಹೇಳಿ ಮುಗಿಸುತ್ತಾನೆ. ಕಾಗದದಲ್ಲಿ ಆ ಕಾಟವಿಲ್ಲ.

ನಮ್ಮ ಆಫೀಸಿನ ಕಥೆ ಕೇಳಿ. ನನ್ನ ಕೈಕೆಳಗೆ ಪ್ರೋಗ್ರಾಂ ಬರೆಯುವವರು ಅಂತ ಈಗ ಯಾರೂ ಇಲ್ಲ, ಎಲ್ಲ ಬರೆಸುವವರೇ. ಎಐ ಅಸಿಸ್ಟೆಂಟಿಗೆ ಎರಡು ಸಾಲು ಹೇಳುತ್ತಾರೆ, ಅದು ಪುಟಗಟ್ಟಲೆ ಬರೆದುಕೊಡುತ್ತದೆ, ಇವರು ಓದದೇ ‘ಸರಿ’ ಒತ್ತುತ್ತಾರೆ. ಹೋದ ವಾರ ಒಬ್ಬ, ‘ಪಾಸ್‌ವರ್ಡ್ ಹಾಕಿದ್ರೂ ಜನರನ್ನ ಒಳಗೆ ಬಿಡ್ತಿಲ್ಲ, ಸರಿಮಾಡು’ ಅಂದನಂತೆ. ಅದು ಪಾಸ್‌ವರ್ಡ್ ಕೇಳುವುದನ್ನೇ ತೆಗೆದುಹಾಕಿತು. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ. ಬೈದರೆ, ‘ಮೇಡಂ, ಪರೀಕ್ಷೆಯಲ್ಲಿ ಎಲ್ಲ ಪಾಸಾಗಿತ್ತು’ ಅನ್ನುತ್ತಾನೆ. ಪ್ರಶ್ನೆ ಬರೆದದ್ದೂ ಅದೇ, ಉತ್ತರ ಬರೆದದ್ದೂ ಅದೇ, ಪಾಸಾಗದೆ ಇನ್ನೇನು!

ಇಂಥ ಹೊತ್ತಲ್ಲಿ ಅಣ್ಣ ನೆನಪಾಗುತ್ತಾನೆ. ಹೋದ ತಿಂಗಳು ನಿಮ್ಮಲ್ಲಿಗೆ ಬಂದಾಗ ಅವನ ನೀರು ಸರಬರಾಜು ಆಫೀಸಿಗೂ ಹೋಗಿ, ಅವನು ಕೆಲಸ ಮಾಡುವುದನ್ನು ಹಿಂದೆ ನಿಂತು ನೋಡಿದೆ. ಬೆಳಿಗ್ಗೆ ಕೂತ ಕೂಡಲೇ ಒಂದು ಟಿಪ್ಪಣಿ ತೆರೆಯುತ್ತಾನೆ. ಈ ಪ್ರೋಗ್ರಾಂ ಯಾತಕ್ಕೆ, ಯಾವ ಬೀದಿಗೆ ಯಾವಾಗ ನೀರು ಬಿಡಬೇಕು ಅಂತ ಪಂಪಿಗೆ ಹೇಳುವುದು ಹೇಗೆ, ನಿನ್ನೆ ಎಲ್ಲಿಗೆ ನಿಲ್ಲಿಸಿದೆವು, ಯಾವುದನ್ನು ಮುಟ್ಟಬಾರದು, ಎಲ್ಲ ಅದರಲ್ಲಿದೆ. ಮೊದಲು ತಾನು ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದುತ್ತಾನೆ. ಆಮೇಲೆ ಅಸಿಸ್ಟೆಂಟಿಗೆ ಓದಿಸುತ್ತಾನೆ. ಏನು ಮಾಡುತ್ತೀಯ ಅಂತ ಅದರ ಬಾಯಲ್ಲೇ ಮೊದಲು ಹೇಳಿಸುತ್ತಾನೆ. ಮಗುವಿಗೆ ಉಣ್ಣಿಸಿದ ಹಾಗೆ ಕೆಲಸವನ್ನು ತುತ್ತು ತುತ್ತಾಗಿ ಕೊಡುತ್ತಾನೆ, ಒಂದು ತುತ್ತು ಮುಗಿದ ತಕ್ಷಣ ಬರೆದಿಡುತ್ತಾನೆ, ಆಮೇಲೇ ಮುಂದಿನದು. ‘ಇಷ್ಟೆಲ್ಲ ಯಾಕೋ?’ ಅಂದೆ. ‘ಇದಕ್ಕೆ ನಿನ್ನೆಯದು ಏನೂ ನೆನಪಿರಲ್ಲ ಕಣೆ. ದಿನಾ ಬೆಳಿಗ್ಗೆ ಮೊದಲಿಂದ ಹೇಳ್ಬೇಕು. ಬೇಜಾರು ಮಾಡ್ಕೋಬಾರದು’ ಅಂದ.

ಇದಕ್ಕೆ ನಾನು ‘ಅಣ್ಣನ ಪದ್ಧತಿ’ ಅಂತ ಹೆಸರಿಟ್ಟಿದ್ದೇನೆ. ನಮ್ಮ ಮುಖ್ಯಸ್ಥೆಗೂ ಹೇಳಿಯಾಯಿತು. ಅವನನ್ನು ಇಲ್ಲಿಗೆ ಕರೆಸಿ ನಮ್ಮವರೆಲ್ಲರ ಎದುರು ಮಾಡಿ ತೋರಿಸಲು ಹೇಳಬೇಕೆಂದಿದ್ದಾರೆ. ಸಂಕೋಚದ ಮನುಷ್ಯ, ನೀವೇ ಒಪ್ಪಿಸಬೇಕು.

ನಿಮ್ಮ ಪಟಾಕಿ


ಜನವರಿ 25

ಪಟಾಕಿ,

ನಿನ್ನ ಕಾಗದ ಅಂಗಡಿಗೇ ಬಂತು. ಗಿರಾಕಿಯೊಬ್ಬರ ಕಣ್ಣು ಪರೀಕ್ಷೆ ಮಾಡುತ್ತಾ ಅವರ ಕೈಗೆ ಕೊಟ್ಟು ‘ಇದನ್ನ ಓದಿ’ ಅನ್ನುವುದರಲ್ಲಿದ್ದೆ, ಸದ್ಯ ತಪ್ಪಿತು.

ನಿಮ್ಮಣ್ಣನಿಗೆ ನಿನ್ನ ಹೊಗಳಿಕೆ ತಲುಪಿಸಿದೆ. ನಕ್ಕರು. ಆ ಅಸಿಸ್ಟೆಂಟು ಅನ್ನುವುದು ನನಗೆ ಸವತಿಯೇ ಆಗಿಬಿಟ್ಟಿದೆ. ನನ್ನ ಜತೆ ಹತ್ತು ಮಾತು ಆಡದವರು ಅದರ ಜತೆ ಬೆಳಗಿಂದ ಸಂಜೆಯವರೆಗೆ ಬೇಸರವಿಲ್ಲದೆ ಮಾತಾಡುತ್ತಾರೆ. ಆಫೀಸಿನ ಚಾಳಿ ಈಗ ಮನೆಗೂ ಬಂದಿದೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಸ್ನಾನದ ಕೋಣೆಯ ನಲ್ಲಿಗಳಿಗೂ, ಬಿಸಿ, ತಣ್ಣೀರು ಅಂತ. ಬಾಗಿಲ ಒಳಬದಿಗೆ ‘ಗ್ಯಾಸ್, ಬೀಗ, ಕನ್ನಡಕ’ ಅಂತ. ನಾನಿರುವುದು ಮನೆಯಲ್ಲೋ ಗೋದಾಮಿನಲ್ಲೋ ಅಂತ ನನಗೇ ಅನುಮಾನ.

ಅವರ ಕಣ್ಣು ಸ್ವಲ್ಪ ಮಂಜಾಗಿರಬೇಕು. ಬೀಗದ ಕೈ ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ಹುಡುಕುತ್ತಾರೆ. ಅಂಗಡಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದೆ. ಕೊನೆಯ ಸಾಲನ್ನೂ ತಪ್ಪಿಲ್ಲದೆ ಓದಿದರು. ಆದರೂ ಹೊಸ ಗಾಜು ಹಾಕಿಕೊಟ್ಟಿದ್ದೇನೆ. ಕನ್ನಡಕದ ಅಂಗಡಿಯವಳ ಗಂಡನಿಗೆ ಕಣ್ಣು ಕಾಣದಿದ್ದರೆ ಊರು ನಗುತ್ತದೆ.

ನಿಮ್ಮಲ್ಲಿಗೆ ಬರುವ ವಿಷಯ ಆಮೇಲೆ ನೋಡೋಣ. ಅಷ್ಟು ದೂರದ ಪ್ರಯಾಣ, ಅಂಗಡಿ ಬಿಟ್ಟು ನಾನು ಬರಲಾಗುವುದಿಲ್ಲ. ಇನ್ನೊಂದು ವಿಷಯ ಬರೆಯಬೇಕೆಂದು ಕೂತಿದ್ದೆ, ಈಗ ಬೇಡವೆನ್ನಿಸುತ್ತಿದೆ. ಅಂಥದ್ದೇನೂ ಇಲ್ಲ.

ಅತ್ತಿಗೆ


ಫೆಬ್ರವರಿ 8

ಅತ್ತಿಗೆ,

ಡಬ್ಬಿಯ ಚೀಟಿಗಳ ವಿಷಯ ಓದಿ ಆಫೀಸಿನಲ್ಲೇ ಜೋರಾಗಿ ನಕ್ಕೆ. ಎಲ್ಲರಿಗೂ ಹೇಳಿದೆ. ‘ನೋಡಿ, ಶಿಸ್ತು ಅಂದ್ರೆ ಇದು. ನೀವು ಪ್ರೋಗ್ರಾಮಿಗೇ ಎರಡು ಸಾಲು ವಿವರಣೆ ಬರೆಯಲ್ಲ, ಅವನು ಉಪ್ಪಿನ ಡಬ್ಬಿಗೂ ಬರೀತಾನೆ.’ ನೀವು ಗೊಣಗಬೇಡಿ, ದೊಡ್ಡವರ ಮನೆಯಲ್ಲಿ ಹೀಗೇ.

ಅಣ್ಣ ಅವನ ಆಫೀಸಿನ ಒಪ್ಪಿಗೆ ಪಡೆದು ತನ್ನ ಕೆಲಸದ ಒಂದು ಭಾಗವನ್ನು ನನಗೆ ನೋಡಲು ಕಳಿಸಿದ್ದಾನೆ. ಟಿಪ್ಪಣಿಗಳು ಮುತ್ತಿನಂತಿವೆ. ಒಂದೇ ಒಂದು ಅರ್ಥವಾಗಲಿಲ್ಲ. ಬೀದಿಗಳಿಗೆ ನೀರಿನ ಸರದಿ ಹಾಕುವ ಕೆಲಸವನ್ನು ಮೂರು ಕಡೆ ಮೂರು ಹೆಸರಿನಲ್ಲಿ ಬರೆಸಿದ್ದಾನೆ. ಮೂರೂ ಸರಿಯಾಗಿಯೇ ಇವೆ, ಮಾಡುವುದೂ ಒಂದೇ. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಇರಬೇಕು, ನೀರಿನ ವಿಷಯವಲ್ಲವೇ. ಕೇಳಿ ಹೇಳಿ.

ಅವನು ಇಲ್ಲಿಗೆ ಬಂದು ಮಾಡಿ ತೋರಿಸುವುದನ್ನು ಏಪ್ರಿಲ್ ಎರಡನೇ ವಾರಕ್ಕೆ ಗೊತ್ತುಮಾಡಿದ್ದೇವೆ. ನಮ್ಮ ಮುಖ್ಯಸ್ಥೆಯ ಮೇಲಿನವರೂ ಬರುತ್ತಾರೆ. ಇದು ಚೆನ್ನಾಗಿ ನಡೆದರೆ ನನಗೂ ಒಳ್ಳೆಯದು, ಅಷ್ಟು ಮಾತ್ರ ಹೇಳುತ್ತೇನೆ.

ಪಟಾಕಿ


ಮಾರ್ಚ್ 19

ಪ್ರೀತಿಯ ನಾದಿನಿಗೆ,

ಉತ್ತರ ತಡವಾಯಿತು. ಅಂಗಡಿಯಲ್ಲಿ ಕೆಲಸ ಹೆಚ್ಚು.

ನೀನು ಕೇಳಿದ್ದನ್ನು ಕೇಳಿದೆ. ‘ಬೇಕಂತಲೇ ಮಾಡಿದ್ದು’ ಅಂದರು. ಯಾವ ಮೂರು ಅಂತ ಮಾತ್ರ ಹೇಳಲಿಲ್ಲ.

ನಿನ್ನೆ ಕ್ಷೌರಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲೇ ಇರುವ ಅಂಗಡಿ ಅದು. ಕತ್ತಲಾಗುವ ಹೊತ್ತಿಗೆ ಯಾರೋ ಪುಣ್ಯಾತ್ಮರು ಕರೆತಂದು ಬಿಟ್ಟರು. ರಸ್ತೆ ಅಗೆದಿದ್ದರಂತೆ, ಸುತ್ತಿಬಳಸಿ ಹೋಗಬೇಕಾಯಿತಂತೆ. ಇರಬಹುದು. ಇನ್ನೊಂದು ಜತೆ ಗಾಜು ಹಾಕಿಕೊಟ್ಟೆ, ದೂರದ್ದಕ್ಕೆ ಬೇರೆ, ಹತ್ತಿರದ್ದಕ್ಕೆ ಬೇರೆ.

ಏಪ್ರಿಲಿನದನ್ನು ಮುಂದೆ ಹಾಕಲಾಗುತ್ತದೆಯೇ? ಅವರ ಗಂಟಲು ಸರಿಯಿಲ್ಲ. ಅವರಿಗಂತೂ ಬರುವ ಉತ್ಸಾಹ ಬೇಕಾದಷ್ಟಿದೆ, ಹೊಸ ಅಂಗಿ ಕೂಡ ತೆಗೆದುಕೊಂಡು ಬಂದಿದ್ದಾರೆ. ಕೇಳುತ್ತಿರುವುದು ನಾನು. ಯಾಕೆ ಅಂತ ಕೇಳಬೇಡ.

ಅತ್ತಿಗೆ


ಮಾರ್ಚ್ 24

ಅತ್ತಿಗೆ,

ಕೇಳಬೇಡ ಅಂದರೆ ಕೇಳುತ್ತೇನೆ. ಯಾಕೆ? ಗಂಟಲಿಗೆ ಬಿಸಿನೀರು ಸಾಕು, ನಿನ್ನೆ ಅವನೇ ಫೋನಿನಲ್ಲಿ ಅರ್ಧಗಂಟೆ ಮಾತಾಡಿದ. ಹೇಳಿದ್ದನ್ನೇ ಹೇಳಿದ ಅನ್ನುವುದು ಬೇರೆ, ಅದು ಅವನ ಖುಷಿ.

ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಬರೆಯುತ್ತೇನೆ. ಅವನ ಜೀವಮಾನದಲ್ಲಿ ಯಾರೂ ಅವನನ್ನು ವೇದಿಕೆ ಹತ್ತಿಸಲಿಲ್ಲ. ಬೇರೆಯವರು ಬಡ್ತಿ ಪಡೆಯುವಾಗ ಅವನು ಪಂಪು, ಪೈಪು ಅಂತ ಕೂತಿದ್ದ. ಈಗ ಒಂದು ಅವಕಾಶ ಬಂದಿದೆ. ನೀವು ಅವನನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದೀರಿ ಅಂತ ನನಗನ್ನಿಸುತ್ತದೆ. ಆ ಯಂತ್ರವನ್ನು ಸವತಿ ಅಂದದ್ದು ತಮಾಷೆಗೆ ಅಂದುಕೊಂಡಿದ್ದೆ.

ಟಿಕೆಟು ಕಳಿಸಿದ್ದೇನೆ. ನಿಲ್ದಾಣಕ್ಕೆ ನಾನೇ ಹೋಗುತ್ತೇನೆ, ಒಂದು ಹೆಜ್ಜೆಯೂ ಒಬ್ಬನೇ ಇಡಬೇಕಾಗಿಲ್ಲ.


ಏಪ್ರಿಲ್ 17

ಅತ್ತಿಗೆ,

ಅವನನ್ನು ನಿಮ್ಮ ಮನೆ ಬಾಗಿಲಿಗೆ ಬಿಟ್ಟು ಬಂದಾಗ ನಿಮ್ಮ ಮುಖ ನೋಡುವ ಧೈರ್ಯ ಬರಲಿಲ್ಲ. ಟ್ಯಾಕ್ಸಿ ಕಾಯುತ್ತಿದೆ ಅಂದೆ. ಕಾಯುತ್ತಿರಲಿಲ್ಲ.

ನಡೆದದ್ದು ನಿಮಗೆ ಗೊತ್ತಾಗಬೇಕು. ಸಭೆಯ ಮೊದಲರ್ಧ ಎಷ್ಟು ಚೆನ್ನಾಗಿತ್ತು ಅಂದರೆ, ನಮ್ಮ ಮುಖ್ಯಸ್ಥೆ ಬರೆದುಕೊಳ್ಳುತ್ತಿದ್ದರು. ಟಿಪ್ಪಣಿ ಓದಿದ, ಓದಿಸಿದ, ಕೆಲಸವನ್ನು ತುಂಡು ಮಾಡಿದ. ‘ತಾಳ್ಮೆ ಬೇಕು. ಮರೆಯೋದು ಅದರ ತಪ್ಪಲ್ಲ’ ಅಂದ. ಎಲ್ಲರೂ ನಕ್ಕರು. ಆಗ ಕಟ್ಟಡದ ಇಂಟರ್ನೆಟ್ ಹೋಯಿತು. ಟಿಪ್ಪಣಿಯೂ ಹೋಯಿತು, ಅಸಿಸ್ಟೆಂಟೂ ಹೋಯಿತು. ಪರದೆ ಖಾಲಿ. ‘ಪರವಾಗಿಲ್ಲ ಸರ್, ಅದು ಬರೋವರೆಗೂ ಈ ಪ್ರೋಗ್ರಾಂ ಏನು ಮಾಡುತ್ತೆ ಅಂತ ಬಾಯಲ್ಲೇ ಹೇಳಿ’ ಅಂದರು ಯಾರೋ.

ಅವನು ಹೊಸ ಅಂಗಿಯ ತೋಳನ್ನು ಮಡಿಸುತ್ತಾ ನಿಂತ. ಪರದೆ ನೋಡಿದ, ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡ, ಮತ್ತೆ ನೋಡಿದ. ‘ನೀರಿನದಲ್ವಾ ಸರ್?’ ಅಂತ ಒಬ್ಬರು ಕೈ ಹಿಡಿದು ನಡೆಸಲು ನೋಡಿದರು. ‘ಹೌದು, ನೀರು’ ಅಂದ. ಅಷ್ಟೇ. ಆಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹತ್ತಿರ ಬಂದು, ಎಲ್ಲರೆದುರು, ಸಣ್ಣ ದನಿಯಲ್ಲಿ, ‘ಅಮ್ಮ, ಮನೆಗೆ ಹೋಗೋಣ್ವಾ?’ ಅಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆ ಮೂರು ಸಲ ಬರೆಸಿದ್ದು ಈಗ ಅರ್ಥವಾಯಿತು. ಬರೆಸಿದ್ದನ್ನು ಅವನು ಮರೆತಿದ್ದ. ಬರೆದದ್ದನ್ನು ಅಸಿಸ್ಟೆಂಟು ಮರೆತಿತ್ತು. ಟಿಪ್ಪಣಿಯಲ್ಲಿ ‘ಮುಗಿಯಿತು’ ಅಂತ ಗುರುತು ಹಾಕಲು ತಪ್ಪಿದ್ದು ಒಂದೇ ಸಾಲು, ಇಬ್ಬರೂ ಸೇರಿ ಖುಷಿಯಾಗಿ ಮತ್ತೆ ಮಾಡಿದ್ದಾರೆ, ಮತ್ತೂ ಮಾಡಿದ್ದಾರೆ. ನಾನು ಅದನ್ನು ನೋಡಿ ಜಾಣತನ ಅಂದೆ.

ನಿಮಗೆ ಯಾವಾಗಿನಿಂದ ಗೊತ್ತಿತ್ತು?


ಏಪ್ರಿಲ್ 29

ನಿನಗೆ,

ಗೊತ್ತಿರಲಿಲ್ಲ ಅನ್ನಲಾರೆ. ಗೊತ್ತಿತ್ತು ಅಂತಲೂ ಅನ್ನಲಾರೆ. ಕಣ್ಣಿನದು ಅಂದುಕೊಂಡೆ. ಕಣ್ಣಿನದಾಗಿದ್ದರೆ ನನ್ನ ಕೈಯಲ್ಲಿತ್ತು, ಅದಕ್ಕೇ ಹಾಗೆ ಅಂದುಕೊಂಡೆ. ಒಂದಾದ ಮೇಲೊಂದು ಗಾಜು ಹಾಕಿದೆ. ಕೊನೆಯ ಸಾಲನ್ನು ಓದಿಬಿಡುತ್ತಾರಲ್ಲ ಅಂತ ನನಗೆ ಸಿಟ್ಟು ಬರುತ್ತಿತ್ತು.

ಡಾಕ್ಟರ ಹತ್ತಿರ ಹೋಗಿ ಬಂದೆವು. ಮಿದುಳಿನ ಕಾಯಿಲೆ, ಮರೆವು. ಈ ವಯಸ್ಸಿಗೆ ಬರುವುದು ಅಪರೂಪವಂತೆ. ಮಾತ್ರೆ ಕೊಟ್ಟಿದ್ದಾರೆ. ‘ನಿಧಾನ ಮಾಡ್ಬಹುದು, ನಿಲ್ಲಿಸೋಕಾಗಲ್ಲ’ ಅಂದರು. ‘ಇಷ್ಟು ದಿನ ಕೆಲಸ ಹೇಗೆ ಮಾಡ್ತಿದ್ರು?’ ಅಂತ ಅವರಿಗೇ ಆಶ್ಚರ್ಯ. ನಾನು ನಿಮ್ಮ ಅಸಿಸ್ಟೆಂಟಿನ ವಿಷಯ ಹೇಳಿದೆ. ಅದು ಇಲ್ಲದಿದ್ದರೆ ಒಂದೆರಡು ವರ್ಷ ಮುಂಚೆಯೇ ಸಿಕ್ಕಿಬೀಳುತ್ತಿದ್ದರು ಅಂದರು. ಆಗ ಬಂದಿದ್ದರೆ ಏನಾಗುತ್ತಿತ್ತು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಿನ್ನ ಮೇಲೆ ನನಗೆ ಕೋಪವಿದೆ, ಬರೆಯದಿದ್ದರೆ ಸುಳ್ಳಾಗುತ್ತದೆ. ಸೆರಗಿನಲ್ಲಿ ಕಟ್ಟಿಟ್ಟುಕೊಂಡೆ ಅಂದೆಯಲ್ಲ, ಹೌದು ಕಟ್ಟಿಟ್ಟುಕೊಂಡಿದ್ದೆ. ಆಫೀಸಿಗೆ ತಿಳಿಯದಿದ್ದರೆ ಅವರು ಇನ್ನಷ್ಟು ದಿನ ಬೆಳಿಗ್ಗೆ ಎದ್ದು ಅಂಗಿ ಇಸ್ತ್ರಿ ಮಾಡಿಕೊಂಡು ಹೊರಡುತ್ತಿದ್ದರು. ನನಗೆ ಬೇಕಿದ್ದದ್ದು ಅಷ್ಟೇ. ಈಗ ಸುದ್ದಿ ತಲುಪಿ ಆಫೀಸಿನವರು ಮರ್ಯಾದೆಯಾಗಿ ಕೆಲಸ ಬಿಡಿಸಿದ್ದಾರೆ, ಹೂವಿನ ಗೊಂಚಲು ಕೊಟ್ಟು. ನಿಮ್ಮಣ್ಣ ಅದನ್ನು ನನ್ನ ಕೈಗಿಟ್ಟು, ‘ಯಾರದ್ದು ಮದುವೆ?’ ಅಂದರು.

ನೀನು ಪದ್ಧತಿ ಅಂದೆ, ನಾನು ಕಣ್ಣು ಅಂದೆ, ಆಫೀಸಿನವರು ಶಿಸ್ತು ಅಂದರು. ಅವರವರ ಅಂಗಡಿಯ ತಕ್ಕಡಿಯಲ್ಲೇ ಎಲ್ಲರೂ ತೂಗಿದೆವು.

ಅತ್ತಿಗೆ


ಜುಲೈ 20

ಅತ್ತಿಗೆ,

ಎಷ್ಟೋ ಸಲ ಬರೆದು ಹರಿದೆ. ಕ್ಷಮಿಸಿ ಅಂತ ಬರೆದರೆ ನೀವು ‘ಹೋಗಲಿ ಬಿಡು’ ಅನ್ನಬೇಕಾಗುತ್ತದೆ, ಆ ಕಷ್ಟ ನಿಮಗೆ ಬೇಡ.

ನಾನಿಲ್ಲಿ ಡಾಕ್ಟರುಗಳನ್ನು ವಿಚಾರಿಸುತ್ತಿದ್ದೇನೆ. ಹೊಸ ಔಷಧಿಯೊಂದರ ಪ್ರಯೋಗ ನಡೆಯುತ್ತಿದೆಯಂತೆ. ಅವನ ವರದಿಗಳನ್ನು ಕಳಿಸಿದೆ. ಕಾಯಿಲೆ ಅವರಿಗೆ ಬೇಕಾದ ಹಂತವನ್ನು ದಾಟಿದೆ ಅಂತ ಉತ್ತರ ಬಂತು. ಇನ್ನೊಂದು ಕಡೆಗೂ ಕಳಿಸಿದ್ದೇನೆ, ಅಲ್ಲಿಂದ ಉತ್ತರವೇ ಇಲ್ಲ.

ಆಫೀಸಿನ ಲ್ಯಾಪ್‌ಟಾಪು ವಾಪಸು ತೆಗೆದುಕೊಂಡ ಮೇಲೆ ಅವನು ಖಾಲಿ ಮೇಜಿನೆದುರು ಕೂರುತ್ತಾನೆ ಅಂತ ಫೋನಿನಲ್ಲಿ ಹೇಳಿದಿರಿ. ನನ್ನ ಹಳೆಯದನ್ನು ಕಳಿಸುತ್ತಿದ್ದೇನೆ. ಅದರಲ್ಲಿ ಅಸಿಸ್ಟೆಂಟನ್ನು ಹಾಕಿಟ್ಟಿದ್ದೇನೆ. ಯಾವ ಊರಿನ ಯಾವ ಪಂಪಿಗೂ ಅದು ಸೇರಿಲ್ಲ, ಏನು ಬರೆಸಿದರೂ ಯಾರಿಗೂ ತೊಂದರೆಯಿಲ್ಲ.

ಒಂದು ವಿಷಯ ಮುಚ್ಚಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಇಲ್ಲಿ ಅವನ ಪದ್ಧತಿಯನ್ನು ನಿಯಮವೇ ಮಾಡಿದ್ದಾರೆ. ಅಚ್ಚು ಹಾಕಿ ಗೋಡೆಗೆ ಅಂಟಿಸಿದ್ದಾರೆ, ‘ಅಣ್ಣನ ಪದ್ಧತಿ’ ಅಂತಲೇ. ಅವತ್ತು ಸಭೆಯಲ್ಲಿದ್ದವರೇ ಮಾಡಿದ್ದು. ತಪ್ಪುಗಳು ಅರ್ಧಕ್ಕರ್ಧ ಇಳಿದಿವೆ. ಅದು ನಿಜವಾಗಿಯೂ ಒಳ್ಳೆಯ ಪದ್ಧತಿ ಅತ್ತಿಗೆ. ಅದೇ ನನಗೆ ತಡೆಯಲಾಗುತ್ತಿಲ್ಲ. ಮುಳುಗುವವನು ಹಿಡಿದುಕೊಂಡಿದ್ದ ಹಲಗೆಯನ್ನು ಕಿತ್ತುಕೊಂಡು ನಾವು ಬೆಂಚು ಮಾಡಿಕೊಂಡು ಕೂತಿದ್ದೇವೆ. ನನಗೆ ಬಡ್ತಿಯೂ ಸಿಕ್ಕಿದೆ.


ಸೆಪ್ಟೆಂಬರ್ 6

ಪಟಾಕಿ,

ಬಹಳ ದಿನದ ಮೇಲೆ ಹೀಗೆ ಕರೆಯುತ್ತಿದ್ದೇನೆ. ಕೋಪ ಮಾಡಿಕೊಂಡಿರುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ನೀನು ಕಳಿಸಿದ ಲ್ಯಾಪ್‌ಟಾಪು ಬಂದಮೇಲೆ ಹಗಲು ಹೇಗೋ ಕಳೆಯುತ್ತದೆ. ದಿನಾ ನೀರಿನ ಸರದಿಯ ಪ್ರೋಗ್ರಾಮನ್ನೇ ಬರೆಸುತ್ತಾರೆ. ಸಂಜೆ ಮುಗಿಯುತ್ತದೆ. ‘ಇವತ್ತು ಒಂದು ದೊಡ್ಡ ಕೆಲಸ ಆಯ್ತು ನೋಡು’ ಅಂತ ಕರೆದು ತೋರಿಸುತ್ತಾರೆ. ಮಾರನೇ ದಿನ ಮತ್ತೆ ಅದೇ. ಅದು ಬೇಸರವಿಲ್ಲದೆ ಮಾಡಿಕೊಡುತ್ತದೆ. ನನಗೆ ಬೇಸರವಾಗುತ್ತದೆ, ಒಂದು ದಿನ ಗದರಿಬಿಟ್ಟೆ. ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆದೆ, ಒಗೆದದ್ದನ್ನೇ.

ಈಗೊಂದು ಹೊಸದು ಶುರುವಾಗಿದೆ, ನೀನು ನಗುತ್ತೀಯೋ ಅಳುತ್ತೀಯೋ. ಬೆಳಿಗ್ಗೆ ಟೀ ಕೊಟ್ಟ ತಕ್ಷಣ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಾರೆ. ‘ನೋಡು, ಗಾಬರಿ ಆಗ್ಬೇಡ. ನೀನು ನನ್ನ ಹೆಂಡತಿ. ಇದು ನಮ್ಮ ಮನೆ. ನಿಂಗೊಂದು ಕನ್ನಡಕದ ಅಂಗಡಿ ಇದೆ. ನಂಗೊಬ್ಬಳು ತಂಗಿ ಇದಾಳೆ, ಬಾಯಿ ಜೋರು, ಮನಸ್ಸು ಒಳ್ಳೇದು’ ಅಂತ ನಿಧಾನವಾಗಿ ಹೇಳುತ್ತಾರೆ. ಮರೆವು ನನಗೇ ಅಂದುಕೊಂಡಿದ್ದಾರೆ! ಬೆಳಗಾದರೆ ನಾನು ಎಲ್ಲ ಮರೆತು ಎದ್ದಿರುತ್ತೇನೆ, ಹೇಳಿಕೊಡಬೇಕು ಅಂತ. ಒಂದು ಸಲವೂ ಸಿಡುಕಿಲ್ಲ. ಮದುವೆಯಾದಾಗಿನಿಂದ ನನ್ನ ಜತೆ ಇಷ್ಟು ಅಕ್ಕರೆಯಿಂದ ಮಾತಾಡಿದ್ದೇ ಇಲ್ಲ. ನಾನೂ ‘ಹೌದಾ? ಸರಿ’ ಅನ್ನುತ್ತೇನೆ. ವಾದ ಮಾಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ಹೇಳಿಸಿಕೊಳ್ಳುವುದು ನನಗೂ ಇಷ್ಟವಾಗುತ್ತಿದೆ, ನಿಜ ಹೇಳುತ್ತೇನೆ.

ಅತ್ತಿಗೆ


ಅಕ್ಟೋಬರ್ 11

ಅತ್ತಿಗೆ,

ಬಾಯಿ ಜೋರು ಅನ್ನುವುದು ಉಳಿದಿದೆಯಲ್ಲ, ಸಾಕು. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಇಲ್ಲಿ ನನಗೊಂದು ಭಯ ಹತ್ತಿಕೊಂಡಿದೆ, ಬೇರೆ ಯಾರಿಗೂ ಹೇಳಿಲ್ಲ. ಒಂದು ಹೆಸರು ತಕ್ಷಣ ಬಾಯಿಗೆ ಬರದಿದ್ದರೆ ಅದು ಸಿಗುವವರೆಗೆ ಬೇರೆ ಕೆಲಸ ಮುಟ್ಟುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ. ಪರೀಕ್ಷೆ ಮಾಡಿಸಬಹುದು ಅಂತಾರೆ. ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ತಂಡದವರಿಗೆ ಎಲ್ಲವನ್ನೂ ಬರೆದಿಡಿ ಅಂತ ಹೇಳುವ ನಾನು ನನ್ನದನ್ನು ಬರೆದಿಡುವುದು ಬಿಟ್ಟಿದ್ದೇನೆ.

ಡಿಸೆಂಬರಿನಲ್ಲಿ ರಜೆ ಹಾಕಿ ಬರುತ್ತೇನೆ. ಬೆಳಿಗ್ಗೆ ನಿಮ್ಮ ಪಕ್ಕ ನಾನೂ ಕೂರುತ್ತೇನೆ, ನನಗೂ ಹೇಳಿಕೊಡಲಿ.

ಪಟಾಕಿ


ಡಿಸೆಂಬರ್ 3

ಪಟಾಕಿ,

ನೀನು ಬರುವುದು ತಿಂಗಳ ಕೊನೆಗೆ ಅಂದೆ. ಆದರೆ ಬೇಗ ಬಾ. ಬಂದರೂ ಮಾಡುವುದೇನಿಲ್ಲ, ಆದರೂ ಬಾ.

ಬೆಳಗಿನ ಪಾಠ ಚಿಕ್ಕದಾಗುತ್ತಾ ಬಂದಿತ್ತು, ನಿನಗೆ ಬರೆದಿರಲಿಲ್ಲ. ಮೊದಲು ಅಂಗಡಿ ಬಿಟ್ಟುಹೋಯಿತು. ಆಮೇಲೆ ನೀನು. ‘ತಂಗಿ ಇದಾಳಲ್ಲ?’ ಅಂತ ನಾನೇ ಎತ್ತಿಕೊಟ್ಟರೆ, ‘ಇರ್ಬೇಕು’ ಅನ್ನುತ್ತಿದ್ದರು. ಕೊನೆಗೆ ‘ಗಾಬರಿ ಆಗ್ಬೇಡ’ ಅನ್ನುವುದೊಂದು ಉಳಿದಿತ್ತು. ಲ್ಯಾಪ್‌ಟಾಪು ತೆರೆಯುವುದು ಹೇಗೆ ಅಂತ ಮರೆತು ಬಹಳ ದಿನವಾಯಿತು. ನಾನು ತೆರೆದಿಟ್ಟರೂ ಅದರ ಮುಂದೆ ಸುಮ್ಮನೆ ಕೂರುತ್ತಾರೆ. ಅದೂ ಸುಮ್ಮನಿರುತ್ತದೆ.

ಇವತ್ತು ಬೆಳಿಗ್ಗೆ ಟೀ ಕೊಟ್ಟು ಎಂದಿನಂತೆ ಎದುರಿಗೆ ಕೂತೆ. ಪಾಠವೇ ಇರಲಿಲ್ಲ. ಟೀ ಕುಡಿದು, ಲೋಟ ನನ್ನ ಕೈಗೆ ಕೊಟ್ಟು, ತುಂಬ ಮರ್ಯಾದೆಯಿಂದ, ‘ನಿಮಗೆ ತೊಂದರೆ ಕೊಟ್ಟೆ. ಹೊತ್ತಾಯ್ತು, ನೀವಿನ್ನು ಹೊರಡಿ. ನಿಮ್ಮನೇಲಿ ಕಾಯ್ತಿರ್ತಾರೆ’ ಅಂದರು. ನನ್ನ ಚಪ್ಪಲಿಯನ್ನು ತಾವೇ ತಂದು ಬಾಗಿಲಲ್ಲಿ ಇಟ್ಟರು. ಮೆಟ್ಟಿಕೊಂಡು ಹೊರಟೆ. ಹಿಂದಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.

ಮೆಟ್ಟಿಲ ಮೇಲೆ ಕೂತು ಅತ್ತೆ. ಎಷ್ಟೋ ತಿಂಗಳಿಂದ ಅತ್ತಿರಲಿಲ್ಲ, ಎಲ್ಲ ಅಲ್ಲೇ ಅತ್ತೆ. ಮೇಲಿನ ಮನೆಯವರು ಇಳಿದು ಬರುವುದು ಕೇಳಿಸಿತು, ಎದ್ದು ಮುಖ ಒರೆಸಿಕೊಂಡು ಬೆಲ್ ಒತ್ತಿದೆ.

ಬಾಗಿಲು ತೆರೆದರು. ‘ಯಾರು ಬೇಕಿತ್ತು?’ ಅಂದರು.

‘ನಮ್ಮ ಯಜಮಾನರು ಬೇಕಿತ್ತು’ ಅಂದೆ.

‘ಅವರು ಆಫೀಸಿಗೆ ಹೋಗಿದಾರೆ. ಸಂಜೆ ಬರ್ತಾರೆ. ಪರವಾಗಿಲ್ಲ, ಒಳಗೆ ಬಂದು ಕೂತ್ಕೊಳ್ಳಿ’ ಅಂದರು.

ಬಂದು ಕೂತಿದ್ದೇನೆ. ಕೂತೇ ಇದನ್ನು ಬರೆಯುತ್ತಿದ್ದೇನೆ. ಎದುರಿನ ಕುರ್ಚಿಯಲ್ಲಿ ಅವರೂ ಕೂತಿದ್ದಾರೆ, ಬಂದವರನ್ನು ಒಬ್ಬರನ್ನೇ ಬಿಡಬಾರದು ಅಂತ. ಆಗಾಗ ಬಾಗಿಲ ಕಡೆ ನೋಡಿ, ‘ಇನ್ನೇನು ಬಂದ್ಬಿಡ್ತಾರೆ’ ಅನ್ನುತ್ತಾರೆ.